ಬರೆದುಕೊಟ್ಟ ಮಾತು

ತಾನು ಬರೆದ ವಾಕ್ಯ ಇನ್ನೊಬ್ಬನ ಬಾಯಿಂದ ಹೊರಟು ಜನರ ತಲೆಗಳ ಮೇಲೆ ಸಾಗುವುದನ್ನು ನೀಲಕಂಠಸ್ವಾಮಿ ತೊರೆಹುಂಡಿಯ ಸಂತೆಮಾಳದ ಅಂಚಿನಲ್ಲಿ, ಹುಣಸೆಮರದ ಕೆಳಗೆ, ಮಡಿಸಿದ ಕೊಡೆ ಊರಿಕೊಂಡು ನೋಡುತ್ತಿದ್ದ. ಸರ್ಕಾರಿ ಶಾಲೆಯ ಉಪಾಧ್ಯಾಯನಾದವನು ಕಾಂಗ್ರೆಸ್ಸಿನ ಸಭೆಯಲ್ಲಿ ಕೂರುವಂತಿರಲಿಲ್ಲ. ಆದ್ದರಿಂದ ಸಂತೆಗೆ ಬಂದವನು ನೆರಳಿಗೆ ನಿಂತಿದ್ದಾನೆ ಎಂದು ಕಾಣುವಷ್ಟು ದೂರದಲ್ಲಿ ನಿಂತಿದ್ದ. ಎರಡು ಗಾಡಿಗಳನ್ನು ಒಂದಕ್ಕೊಂದು ಒತ್ತಿ ನಿಲ್ಲಿಸಿ ಅದರ ಮೇಲೆ ಹಲಗೆ ಹಾಸಿದ್ದರು. ಹಲಗೆಯ ಮೇಲೆ ಸರಗೂರಿನ ಜವಳಿ ಅಂಗಡಿಯ ಗೋವಿಂದಯ್ಯ, ಖಾದಿ ಜುಬ್ಬದ ತೋಳು ಮಡಿಸಿಕೊಂಡು ಹೇಳಿದ: 'ದಿಲ್ಲಿಯಲ್ಲಿ ಬಾವುಟ ಏರಿತು. ನಮ್ಮ ತೊರೆಹುಂಡಿಯಲ್ಲಿ ಏನು ಏರಿತು?' ಹೇಳಿ ಸುಮ್ಮನಾದ. ನೀಲಕಂಠಸ್ವಾಮಿಯ ಎಡಗೈ ಬೆರಳು ಕೊಡೆಯ ಹಿಡಿಯ ಮೇಲೆ ಒಂದು, ಎರಡು, ಮೂರು ಎಂದು ಬಿದ್ದವು. ನಾಲ್ಕಕ್ಕೆ ಎಳ್ಳೆಣ್ಣೆಯವರ ಕಡೆಯಿಂದ ಯಾರೋ 'ಅಕ್ಕಿ ರೇಟು' ಎಂದರು. ಜನ ನಕ್ಕರು. ಆಮೇಲೆ ನಕ್ಕದ್ದಕ್ಕೇ ಸಿಟ್ಟಾದವರ ಹಾಗೆ ಒಟ್ಟಿಗೆ ಸದ್ದು ಮಾಡಿದರು. ಉತ್ತರವನ್ನು ನೀವು ಹೇಳಬೇಡಿ, ಅವರಲ್ಲೇ ಒಬ್ಬ ಹೇಳುತ್ತಾನೆ, ಅವನು ಹೇಳಿದ್ದನ್ನು ಎಲ್ಲರೂ ತಾವೇ ಹೇಳಿದೆವೆಂದುಕೊಳ್ಳುತ್ತಾರೆ ಎಂದು ಅವನು ಹೋದ ವಾರ ತಿಳಿಸಿದಾಗ ಗೋವಿಂದಯ್ಯ ನಂಬಿರಲಿಲ್ಲ. ಈಗ ಹಲಗೆಯ ಮೇಲಿನಿಂದ ಹುಣಸೆಮರದ ಕಡೆ ಒಂದು ಸಲ ನೋಡಿದ. ನೀಲಕಂಠಸ್ವಾಮಿ ಮುಖ ತಿರುಗಿಸಿ, ಈರುಳ್ಳಿ ಮಾರುವವಳ ತಕ್ಕಡಿಯನ್ನು ನೋಡತೊಡಗಿದ. ಸಂತೋಷವಾಗಬೇಕಿತ್ತು. ಆಗಲಿಲ್ಲ. ಶ್ರಾವಣದಿಂದ ಶ್ರಾವಣಕ್ಕೆ ಒಂದು ವರ್ಷ, ಅದರ ಮೇಲೆ ಒಂದು ತಿಂಗಳು, ಅವನಿಗೆ ಸಂತೋಷವಾಗಲಿ ದುಃಖವಾಗಲಿ ಏನೂ ಆಗಿರಲಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ದವಡೆಯನ್ನು ಮುಟ್ಟಿ ನೋಡುವಂತೆ ಆಗಾಗ ತನ್ನನ್ನು ಮುಟ್ಟಿ ನೋಡಿಕೊಂಡು ಸುಮ್ಮನಾಗುತ್ತಿದ್ದ.

ಮೊದಲ ಸಲ ಗೋವಿಂದಯ್ಯ ಶಾಲೆಗೆ ಬಂದದ್ದು ಬಿನ್ನವತ್ತಳೆಗಳ ಸುದ್ದಿ ಕೇಳಿ. ಅಮಲ್ದಾರರು ಬಂದರೆ, ಇನ್ಸ್‌ಪೆಕ್ಟರು ಬಂದರೆ, ಅರಣ್ಯದ ದೊಡ್ಡ ಅಧಿಕಾರಿಗಳು ಶಿಕಾರಿಗೆಂದು ಕಾಡಿನಂಚಿಗೆ ಬಂದರೆ ಸುತ್ತಲ ಹತ್ತು ಹಳ್ಳಿಯವರು ಓದಿ ಅರ್ಪಿಸುವ ಬಿನ್ನವತ್ತಳೆಯನ್ನು ಬರೆದುಕೊಡುತ್ತಿದ್ದವನು ನೀಲಕಂಠಸ್ವಾಮಿ. ಓದುತ್ತಿದ್ದವರು ಬೇರೆ. ಅವನ ದನಿ ಸಣ್ಣದು. ಹೆಚ್ಚು ಜನರೆದುರು ನಿಂತರೆ ಇನ್ನೂ ಸಣ್ಣದಾಗಿ, ಕೊನೆಗೆ ಗಂಟಲಲ್ಲೇ ಉಳಿದುಬಿಡುತ್ತಿತ್ತು. ಒಂದು ಸಲ ಶಾಲೆಯ ಬಹುಮಾನದ ದಿನ ವಂದನಾರ್ಪಣೆಗೆ ಎದ್ದು, 'ಮಾನ್ಯರೇ' ಎಂದು ಮುಂದೆ ಹೋಗಲಾರದೆ, ಕೈಮುಗಿದು ಕುಳಿತುಬಿಟ್ಟಿದ್ದ. ಪಟೇಲರು ಜೋರಾಗಿ ನಕ್ಕಿದ್ದರು. ಗೋವಿಂದಯ್ಯನಿಗೆ ದನಿಯೇ ಆಸ್ತಿ. ಹುಡುಗನಾಗಿದ್ದಾಗ ಊರೂರು ಸುತ್ತುವ ನಾಟಕದ ಕಂಪನಿಯಲ್ಲಿ ಆರು ವರ್ಷ ಇದ್ದವನು. ಮಾಳದ ಆ ತುದಿಯವರೆಗೆ ಪಿಸುಮಾತನ್ನೂ ಮುಟ್ಟಿಸಬಲ್ಲ. ಆದರೆ ಸ್ವಂತ ಮಾತು ಬರುತ್ತಿರಲಿಲ್ಲ. 'ಮಹಾಜನರೇ, ಜವಾಬ್ದಾರಿ ಸರ್ಕಾರ ನಮ್ಮ ಜನ್ಮಸಿದ್ಧ ಹಕ್ಕು' ಎಂದು ಒಂದೇ ವಾಕ್ಯವನ್ನು ಬೇರೆ ಬೇರೆ ರಾಗದಲ್ಲಿ ಹೇಳುತ್ತಿದ್ದ, ಜನ ಕಡಲೆಕಾಯಿ ತಿನ್ನುತ್ತಿದ್ದರು. ಶಾಲೆ ಬಿಟ್ಟ ಮೇಲೆ ಹಿತ್ತಲ ಕಟ್ಟೆಯ ಮೇಲೆ ಕೂರಿಸಿಕೊಂಡು ನೀಲಕಂಠಸ್ವಾಮಿ ಅವನಿಗೆ, ಐದನೆಯ ತರಗತಿಗೆ ವ್ಯಾಕರಣ ಹೇಳುವಷ್ಟೇ ಸಾವಧಾನವಾಗಿ ಹೇಳಿಕೊಟ್ಟ. ಮಹಾಜನರೇ ಅನ್ನಬೇಡಿ, ಅಣ್ಣಂದಿರೇ ಅಕ್ಕಂದಿರೇ ಅನ್ನಿ. ಸರ್ಕಾರ ಎಂದರೆ ಯಾರ ಕಣ್ಣಿಗೂ ಏನೂ ಕಾಣುವುದಿಲ್ಲ. ಬಾಗಿಲು ಅನ್ನಿ, ಬೀಗ ಅನ್ನಿ, ಜವಾನನ ಬೆಲ್ಟು ಅನ್ನಿ. ಒಂದು ಮಾತನ್ನು ಮೂರು ಸಲ ಹೇಳಿ. ಮೊದಲನೆಯದು ಕಿವಿಗೆ, ಎರಡನೆಯದಕ್ಕೆ ಅವರ ತುಟಿ ಆಡುತ್ತದೆ, ಮೂರನೆಯದನ್ನು ಅವರೇ ಹೇಳುತ್ತಾರೆ. ಉದ್ದದ ವಾಕ್ಯ ಮೊದಲು, ಗಿಡ್ಡದ್ದು ಕೊನೆಗೆ. ಪ್ರಶ್ನೆ ಕೇಳಿದರೆ ಉತ್ತರ ಬೇಕೆಂದು ಕೇಳಬೇಡಿ. ದನಿಯಲ್ಲೇ ಉತ್ತರ ಇರಲಿ, ಅದಕ್ಕೆ ಕಾಕು ಎಂದು ಹೆಸರು. ಗೋವಿಂದಯ್ಯ ಈ ಪದ ಕೇಳಿ, 'ಕಾಗೆ ಕೂಗ್ದಂಗೈತಲ್ಲ ಮೇಷ್ಟ್ರೇ' ಎಂದು ನಕ್ಕಿದ್ದ. ನಕ್ಕರೂ ಕಲಿತ. ತಾಲ್ಲೂಕು ಕಚೇರಿಯಿರುವ ಕೋಟೆಯ ಸಭೆ ಚೆನ್ನಾಗಿ ನಡೆಯಿತು, ಸರಗೂರಿನದು ಅದಕ್ಕಿಂತ ಚೆನ್ನಾಗಿ. ಶಾನುಭೋಗರು, ಪಟೇಲರು ಕೆಲಸ ಬಿಟ್ಟು ಚಳವಳಿಗೆ ಸೇರಿದರು. ಊರಿನವರೆಲ್ಲ ಗೋವಿಂದಯ್ಯನ ನಾಲಿಗೆಯನ್ನು ಹೊಗಳುವಾಗ ನೀಲಕಂಠಸ್ವಾಮಿ ಸ್ಲೇಟುಗಳ ಮೇಲೆ ತಪ್ಪು ತಿದ್ದುತ್ತ, ಹೌದಂತೆ, ಚೆನ್ನಾಗಿ ಮಾತಾಡ್ತಾರಂತೆ ಎನ್ನುತ್ತಿದ್ದ.

ಆಮೇಲೆ ಗೋವಿಂದಯ್ಯ ಕೇಳಿದ್ದು ಮಗುವನ್ನು. ಬೆಲೆ, ದವಸದ ಲೆವಿ, ಬೀಗ ಎಲ್ಲ ಆಯಿತು ಮೇಷ್ಟ್ರೇ, ಗಂಡಸರು ಕೂಗುತ್ತಾರೆ, ಹೆಂಗಸರು ಸುಮ್ಮನೆ ನಿಂತಿರುತ್ತಾರೆ, ಹೆಂಗಸರ ಹೊಟ್ಟೆ ಉರಿಯುವಂಥದ್ದು ಒಂದು ಬೇಕು, ಒಂದು ಮಗುವಿನದ್ದು ಇದ್ದರೆ ಕೊಡಿ ಎಂದಿದ್ದ. ಇವನ ಮನೆಯಲ್ಲಿ ಏನಾಗಿತ್ತೆಂಬುದು ಅವನಿಗೆ ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದೇ ಕೇಳಿದ್ದರೆ ಎಂಬ ಯೋಚನೆ ಆ ಸಂಜೆ ಬಂದಿತ್ತು, ಬಂದು ಎಲ್ಲೂ ತಗುಲದೆ ಹೋಗಿತ್ತು. ಬರೆಯಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಜ್ವರದ ಮಗುವನ್ನು ಎತ್ತಿಕೊಂಡು ತಂದೆ ತಾಯಿ ಆಸ್ಪತ್ರೆಯ ಬಾಗಿಲಿಗೆ ಓಡುತ್ತಾರೆ ಎಂದು ಮೊದಲು ಬರೆದ. ಓದಿಕೊಂಡ. ತಂದೆ ಎಂಬ ಪದ ಸರಿಬರಲಿಲ್ಲ. ತಂದೆಯಿದ್ದರೆ, ಇಷ್ಟು ಹೊತ್ತು ಏನು ಮಾಡುತ್ತಿದ್ದ ಎಂದು ಜನ ಕೇಳುತ್ತಾರೆ. ಬಾಗಿಲ ಕಡೆ ಹೋಗಬೇಕಾದ ಸಿಟ್ಟು ಅವನ ಕಡೆ ತಿರುಗುತ್ತದೆ. ಲೇಖನಿಯಿಂದ ತಂದೆಯ ಮೇಲೆ ಒಂದು ಗೆರೆ ಎಳೆದ. ಒಬ್ಬ ತಾಯಿ. ಒಂದು ಮಗು. ಒಂದು ಬಾಗಿಲು. ಅದು ಸರಿಯಾಯಿತು. ಮಗುವಿಗೆ ಐದು ವರ್ಷ ಎಂದಿದ್ದನ್ನು ಮೂರು ಮಾಡಿದ, ಎತ್ತಿಕೊಳ್ಳಲು ಮೂರು ವರ್ಷದ್ದೇ ಚೆನ್ನ. ಬಡಿದಳು, ಬಾಗಿಲು ತೆರೆಯಲಿಲ್ಲ. ಕೂಗಿದಳು, ಬಾಗಿಲು ತೆರೆಯಲಿಲ್ಲ. ಹಣೆ ಹಚ್ಚಿ ಬಡಿದಳು. ಇಲ್ಲಿ ನಿಲ್ಲಿಸಿ, ಐದು ಎಣಿಸಿ ಎಂದು ಕಂಸದಲ್ಲಿ ಬರೆದ. ಆಮೇಲೆ: ಮಗು ಅಳುವುದನ್ನು ನಿಲ್ಲಿಸಿತು. ಅಕ್ಷರ ದುಂಡಗೆ, ಕಾಪಿ ಪುಸ್ತಕದಲ್ಲಿರುವಂತೆ ಬಂದವು. ಚೆನ್ನಾಗಿದೆ ಎಂದು ಕೂಡ ಅನ್ನಿಸಿತು. ಎಷ್ಟೋ ತಿಂಗಳ ಮೇಲೆ ಅವನಿಗೆ ಅನ್ನಿಸಿದ್ದು ಅದೊಂದೇ.

ಅವನ ಸ್ವಂತ ಮಗಳಿಗೆ ಜ್ವರ ಬಂದದ್ದು ಹೋದ ವರ್ಷ ಶ್ರಾವಣದ ಒಂದು ಸೋಮವಾರ. ಮಾದೇವಿ ಅಂದು ಮಧ್ಯಾಹ್ನ ಚಳಿ ಚಳಿ ಎಂದು ಜಗಲಿಯ ಬಿಸಿಲಿನಲ್ಲಿ ಮುದುಡಿ ಕೂತಿದ್ದಳು. ಕಾಡಿನಂಚಿನ ಊರಿನಲ್ಲಿ ಶ್ರಾವಣದ ಚಳಿಜ್ವರ ಹೊಸದಲ್ಲ. ಎರಡು ದಿನ ಕಷಾಯ ಕುಡಿಸಿದರೆ ಇಳಿಯುವುದೂ ಉಂಟು. ಗುರುವಾರ ಇನ್ಸ್‌ಪೆಕ್ಟರು ಬರುವವರಿದ್ದರು. ಶಾಲೆಗೆ ಸುಣ್ಣ ಬಳಿಸಬೇಕು, ಹಾಜರಿ ಪುಸ್ತಕ ಸರಿಮಾಡಬೇಕು, ಬಿನ್ನವತ್ತಳೆ ಬರೆಯಬೇಕು, ಊಟದ ಏರ್ಪಾಡು ಇವನ ಮನೆಯಲ್ಲೇ. ಬುಧವಾರ ಅವನ ಹೆಂಡತಿ ಸಾಕಮ್ಮ, ಕಂಪೌಂಡರ ಹತ್ತಿರ ಒಂದು ಸಲ ತೋರಿಸಿಕೊಂಡು ಬನ್ನಿ ಎಂದಳು. ಆಸ್ಪತ್ರೆ ಒಂದು ಕೂಗಳತೆಯಲ್ಲಿತ್ತು. ಇನ್ಸ್‌ಪೆಕ್ಟರು ಹೋಗಲಿ ಎಂದ. 'ನಿಮ್ಮ ಅಗಾಧವಾದ ವಾತ್ಸಲ್ಯವೆಂಬ ಆಲದ ನೆರಳಿನಲ್ಲಿ' ಎಂಬ ವಾಕ್ಯದ ನಡುವೆ ಇದ್ದ ಅವನು. ಆಲ ಬೇಡ, ಹೊಂಗೆ ಎಂದರೆ ಈ ಸೀಮೆಗೆ ಒಪ್ಪುತ್ತದೆಯೇ ಎಂದು ಯೋಚಿಸುತ್ತಿದ್ದ. ಗುರುವಾರ ಸಾಕಮ್ಮ ಬೆಳಗಿನಿಂದ ಒಲೆಯ ಮುಂದೆ ಒಬ್ಬಟ್ಟು ಬೇಯಿಸಿದಳು. ಇನ್ಸ್‌ಪೆಕ್ಟರು ನಾಲ್ಕು ತಿಂದರು, ಐದನೆಯದನ್ನು ಮುರಿದು ಬಿಟ್ಟರು, ಒಳಗೆ ಯಾರೋ ನರಳಿದ ಹಾಗಿದೆಯಲ್ಲ ಎಂದರು. ಮಗು, ಸ್ವಲ್ಪ ಮೈ ಬೆಚ್ಚಗಿದೆ ಎಂದ ನೀಲಕಂಠಸ್ವಾಮಿ. ಅವರ ಗಾಡಿ ಹೋದ ಮೇಲೆ, ದೀಪ ಹಚ್ಚುವ ಹೊತ್ತಿಗೆ, ಮಗುವನ್ನು ಎತ್ತಿಕೊಂಡು ಹೋದರು. ಬಾಗಿಲು ತೆರೆದೇ ಇತ್ತು. ಕಂಪೌಂಡರ್ ಸೋಮಯ್ಯ ಜಗಲಿಯಲ್ಲಿ ಕೂತು ಪಂಚೆಗೆ ಹೊಲಿಗೆ ಹಾಕಿಕೊಳ್ಳುತ್ತಿದ್ದವರು, ಸೂಜಿ ಬಿಟ್ಟು ಎದ್ದು ಬಂದರು. ಯುದ್ಧ ಮುಗಿದರೂ ಕ್ವಿನೈನ್ ಸರಿಯಾಗಿ ಬರುತ್ತಿರಲಿಲ್ಲ. ಇದ್ದದ್ದರಲ್ಲಿ ತೆಗೆದು ಚುಚ್ಚಿದರು, ತಾವೇ ಹಣೆಗೆ ಬಟ್ಟೆ ಹಾಕಿದರು. ಎಷ್ಟು ದಿನದಿಂದ ಜ್ವರ ಎಂದು ಕೇಳಿದಾಗ ನೀಲಕಂಠಸ್ವಾಮಿ, ನಿನ್ನೆಯಿಂದ ಎಂದ. ಸಾಕಮ್ಮ ಗೋಡೆಯ ಕಡೆ ನೋಡಿದಳು. ಅವಳ ಬೆರಳಿಗೆ ಇನ್ನೂ ಕಣಕದ ಹಿಟ್ಟು ಅಂಟಿತ್ತು. ಬೆಳಗಾಗುವ ಮೊದಲೇ ಎಲ್ಲ ಮುಗಿಯಿತು. ಶಾಲೆಗೆ ಮೂರು ದಿನ ರಜ ಬರೆದು ನಾಲ್ಕನೆಯ ದಿನ ಹೋದ. ಸಾಕಮ್ಮ ಅಳಲಿಲ್ಲ. ಅತ್ತರೆ ಸಮಾಧಾನ ಹೇಳಬಹುದೆಂದು ಅವನು ಕಾದಿದ್ದ, ಹೇಳಬೇಕಾದ ಮಾತುಗಳನ್ನು ಒಂದರ ಹಿಂದೊಂದು ಜೋಡಿಸಿಯೂ ಇಟ್ಟುಕೊಂಡಿದ್ದ. ಅವಳು ಮುಸುರೆ ತಿಕ್ಕಿದಳು, ನೀರು ತಂದಳು, ಅನ್ನ ಬಡಿಸಿದಳು.

'ಒಬ್ಬ ತಾಯಿ' ಎಂದ ಹಲಗೆಯ ಮೇಲಿದ್ದ ಗೋವಿಂದಯ್ಯ. 'ಒಂದು ಮಗು.' ಎಳ್ಳೆಣ್ಣೆಯವರು, ಬಳೆಯವರು, ದನದ ಹಗ್ಗ ಹಿಡಿದವರು ಎಲ್ಲ ಒಂದೇ ಕಡೆ ತಿರುಗಿದರು. 'ಒಂದು ಬಾಗಿಲು.' ಇಲ್ಲಿ ಎರಡು ಎಣಿಸಿ ಎಂದು ಬರೆದಿತ್ತು. ಆ ಎರಡರ ಜಾಗದಲ್ಲಿ ಗೋವಿಂದಯ್ಯ ತನ್ನ ಬಲಗೈ ಎತ್ತಿ, ಮಾಳದ ಆಚೆ ಕಾಣುತ್ತಿದ್ದ ಹೆಂಚಿನ ಮನೆಯನ್ನು ತೋರಿಸಿದ. ಕೈ ಎತ್ತಿ ಎಂದು ನೀಲಕಂಠಸ್ವಾಮಿ ಬರೆದಿರಲಿಲ್ಲ. 'ಒಂದೂರಿನಲ್ಲಿ' ಎಂದಷ್ಟೇ ಬರೆದಿದ್ದ, ಯಾವ ಊರೂ ಆಗದಿರಲಿ ಎಂದು. ನಾಟಕದಲ್ಲಿ ಆರು ವರ್ಷ ಇದ್ದವನ ಕೈ ತಾನಾಗಿ ಏರಿತ್ತೋ ಏನೋ. ತಲೆಗಳೆಲ್ಲ ಆ ಕೈಯ ತುದಿಯಿಂದ ಆಸ್ಪತ್ರೆಯ ಕಡೆ ಹೊರಳಿದವು. 'ಬಡಿದಳು. ಬಾಗಿಲು ತೆರೆಯಲಿಲ್ಲ.' ಎರಡನೆಯ ಸಲಕ್ಕೆ ಜನರ ತುಟಿ ಆಡಿತು, ಮೂರನೆಯ ಸಲ ಅವರೇ ಹೇಳಿದರು. ಬರೆದದ್ದು ಬರೆದ ಹಾಗೆಯೇ ಆಗುತ್ತಿತ್ತು. ಆಗ ಹೆಂಗಸರು ನಿಂತಿದ್ದ ಕಡೆಯಿಂದ ಒಂದು ಸದ್ದು ಬಂತು. ಪಕ್ಕದ ಮನೆಯ ಪುಟ್ಟಮಾದಮ್ಮನ ಜೊತೆ ಉಪ್ಪು ಮೆಣಸಿನಕಾಯಿಗೆಂದು ಬಂದಿದ್ದ ಸಾಕಮ್ಮ ಅಲ್ಲಿ ನೆಲದ ಮೇಲೆ ಕೂತಿದ್ದಳು. ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು, ಭುಜಗಳು ಮೇಲೆ ಕೆಳಗೆ ಆಡುತ್ತಿದ್ದವು. ಅಳುತ್ತಿದ್ದಾಳೆ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅವಳು ಅಳುವುದು ಹೇಗಿರುತ್ತದೆಂದು ಮರೆತುಹೋಗಿತ್ತು. ಮೊದಲು ಬಂದ ಯೋಚನೆ, ನಾನು ಬರೆದದ್ದಕ್ಕೆ ಅಳುತ್ತಿದ್ದಾಳೆ ಎಂಬುದು. ಅದರ ಬೆನ್ನಿಗೇ ಒಂದು ಬಗೆಯ ಹೆಮ್ಮೆ ಬಂತು, ಅದು ಹೆಮ್ಮೆಯೆಂದು ಗುರುತಿಸಿದ ಮೇಲೂ ಅವನು ಅದನ್ನು ತಳ್ಳಲಿಲ್ಲ.

ಪುಟ್ಟಮಾದಮ್ಮ ಎದ್ದು ನಿಂತು, ಅಳುವ ದನಿಯಲ್ಲಿ, ಇವಳೇ ಆ ತಾಯಿ, ಇವಳ ಕೂಸೇ ಹೋದದ್ದು ಎಂದಳು. ಆಮೇಲೆ ಗೋವಿಂದಯ್ಯ ಏನು ಹೇಳಿದನೋ ಯಾರಿಗೂ ಕೇಳಲಿಲ್ಲ. ಜನ ಎದ್ದಿದ್ದರು. ಯಾರೂ ಓಡಲಿಲ್ಲ, ದನ ನೀರಿಗೆ ಹೋಗುವ ಹಾಗೆ ಒಟ್ಟಾಗಿ ಆಸ್ಪತ್ರೆಯ ಕಡೆ ನಡೆದರು. ನೀಲಕಂಠಸ್ವಾಮಿಯೂ ನಡೆದ. ಕೊಡೆ ಮರದ ಬಳಿಯೇ ಉಳಿಯಿತು. ಅವರು ಹೋಗುವಷ್ಟರಲ್ಲಿ ಸೋಮಯ್ಯ ಜಗಲಿಗೆ ಬಂದು ನಿಂತಿದ್ದರು. ಐವತ್ತು ದಾಟಿದ, ಹುಣಸೂರಿನ ಕಡೆಯ ಸಾಧು ಮನುಷ್ಯ, ಕೈಯಲ್ಲಿ ಔಷಧ ಅಳೆಯುವ ಗಾಜಿನ ಲೋಟ ಹಾಗೇ ಇತ್ತು. ಬಾಗಿಲು ಯಾಕೆ ತೆಗೀಲಿಲ್ಲ ಎಂದು ಒಬ್ಬ ಕೇಳಿದ. ಯಾವ ಬಾಗಿಲು ಎಂದರು ಅವರು. ಅದು ತಪ್ಪು ಉತ್ತರವಾಯಿತು. ಎಲ್ಲರೂ ಒಟ್ಟಿಗೆ ಕೂಗತೊಡಗಿದಾಗ ಅವರು ಜನರ ನಡುವೆ ಗುರುತಿನ ಮುಖ ಹುಡುಕಿ, ಇವನನ್ನು ಕಂಡು, ಸಮಾಧಾನವಾದವರಂತೆ ಕೈ ಮಾಡಿದರು.

'ಮೇಷ್ಟ್ರೇ, ನೀವೇ ಇದ್ರಲ್ಲ ಅವತ್ತು. ನೀವು ಹೇಳಿ ಇವರಿಗೆ.'

ಜನ ಅವನಿಗೆ ದಾರಿ ಬಿಟ್ಟರು. ಬಾಗಿಲು ತೆರೆದಿತ್ತು ಎಂಬ ಎರಡು ಪದ ಸಾಕಾಗಿತ್ತು. ಅವನಿಗೆ ಆ ಎರಡು ಪದ ಗೊತ್ತಿದ್ದವು. ಆದರೆ ಬಾಗಿಲು ತೆರೆದಿತ್ತು ಎಂದರೆ ಮುಂದಿನ ಪ್ರಶ್ನೆ ಬರುತ್ತದೆ, ಮತ್ತೆ ಮಗು ಯಾಕೆ ಸತ್ತಿತು. ಅದಕ್ಕೆ ಉತ್ತರ ಬಂದರೆ ಅದರ ಮುಂದಿನದು, ಹಾಗಾದರೆ ಇದನ್ನು ಬರೆದವರು ಯಾರು. ಒಂದು ವಾಕ್ಯದ ಹಿಂದೆ ಇನ್ನೊಂದು ಸಾಲುಗಟ್ಟಿ ನಿಂತಿರುವುದು ಅವನಿಗೆ ಕಾಣುತ್ತಿತ್ತು. ಬಾಯಿ ತೆರೆದ. 'ಎಲ್ಲರೂ ಶಾಂತರಾಗಬೇಕು' ಎಂದ. ಸೋಮಯ್ಯ ಇನ್ನೂ ಅವನ ಬಾಯನ್ನೇ ನೋಡುತ್ತಿದ್ದರು, ಇದು ಪೀಠಿಕೆ, ಮಾತು ಇನ್ನು ಮುಂದಿದೆ ಎಂಬಂತೆ.

ಆಗ ಹೆಂಗಸರ ನಡುವಿನಿಂದ ಸಾಕಮ್ಮ ಮುಂದೆ ಬಂದಳು. ಕಣ್ಣು ಒರೆಸಿಕೊಂಡಿದ್ದಳು. 'ಬಾಗ್ಲು ತೆಗ್ದಿತ್ತು ಕಣ್ರಪ್ಪ' ಎಂದಳು. ಸಂತೆಯಲ್ಲಿ ಬೆಲೆ ಕೇಳುವ ದನಿಯಲ್ಲೇ ಹೇಳಿದಳು. ಮುಂದೆ ನಿಂತಿದ್ದ ನಾಲ್ಕೈದು ಜನಕ್ಕೆ ಕೇಳಿತು, ಹಿಂದಿನವರು ಏನಂತೆ ಏನಂತೆ ಎಂದರು. 'ಅವ್ರು ತಡ ಮಾಡ್ಲಿಲ್ಲ. ನಾವೇ ತಡವಾಗಿ ಬಂದೋ.'

ಪುಟ್ಟಮಾದಮ್ಮ ಅವಳನ್ನು ತಬ್ಬಿಕೊಂಡು ಹಿಂದಕ್ಕೆ ಎಳೆದಳು. 'ಪಾಪ, ಸಂಕ್ಟದಲ್ಲಿ ಏನೇನೋ ಏಳ್ತಾವ್ಳೆ. ಯೆತ್ತ ಕರ್ಳು, ತನ್ ತಲೆ ಮೇಲೇ ಆಕ್ಕೊತಾವ್ಳೆ ನೋಡ್ರಪ್ಪ.'

ಇದು ಹಿಂದಿನವರಿಗೂ ಕೇಳಿತು. ಹೆಂಗಸರು ಇನ್ನಷ್ಟು ಅತ್ತರು. ಮೊದಲ ಕಲ್ಲು ಹೆಂಚಿಗೆ ಬಿತ್ತು, ಎರಡನೆಯದು ಸೋಮಯ್ಯನವರ ಹುಬ್ಬಿಗೆ. ಅವರು ಜಗಲಿಯ ಮೇಲೆ ಕುಳಿತು, ಗಾಜಿನ ಲೋಟವನ್ನು ಒಡೆಯದಂತೆ ಪಕ್ಕಕ್ಕೆ ಇಟ್ಟು, ಪಂಚೆಯ ತುದಿಯಿಂದ ಹುಬ್ಬನ್ನು ಒತ್ತಿಕೊಂಡರು. ಜನ ಅವರನ್ನು ದಾಟಿ ಒಳಗೆ ಹೋದರು. ಒಳಗಿನಿಂದ ಸೀಸೆಗಳು ಒಡೆಯುವ ಸದ್ದು ಬಹಳ ಹೊತ್ತು ಬಂತು. ಒಂದು, ಎರಡು, ಮೂರು ಎಂದು ತನ್ನ ಬೆರಳು ತೊಡೆಯ ಮೇಲೆ ಬೀಳುತ್ತಿರುವುದನ್ನು ಕಂಡು ನೀಲಕಂಠಸ್ವಾಮಿ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಗೋವಿಂದಯ್ಯ ಓಡಿ ಬಂದು, ಅಹಿಂಸೆ, ಅಹಿಂಸೆ ಎಂದು ಎಷ್ಟು ಕೂಗಿದರೂ ಯಾರೂ ತಿರುಗಿ ನೋಡಲಿಲ್ಲ. ಅದನ್ನು ಇವನು ಬರೆದುಕೊಟ್ಟಿರಲಿಲ್ಲ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಸಾಕಮ್ಮ ಸಂತೆಯ ಚೀಲ ಬಿಚ್ಚಿ ಉಪ್ಪನ್ನು ಮಡಕೆಗೆ ಸುರಿಯುತ್ತಿದ್ದಳು. ಅವನು ಕಂಬಕ್ಕೆ ಒರಗಿ ಕುಳಿತ. ಅವಳು ಸುರಿಯುವುದನ್ನು ಮುಗಿಸಿ, ಮಡಕೆಯ ಬಾಯಿ ಮುಚ್ಚಿ, ಅಲ್ಲೇ ಕೂತು, ಅದು ನೀವು ಬರೆದದ್ದು ಅಲ್ಲವೇ ಎಂದಳು. ಹೇಗೆ ಗೊತ್ತಾಯಿತು ಎಂದು ಕೇಳಿದ. ಅವಳು ಖಾಲಿ ಚೀಲವನ್ನು ಮಡಿಸಿದಳು. ತನ್ನ ಮಾತು ಯಾರ ಬಾಯಿಂದ ಬಂದರೂ ಹದಿಮೂರು ವರ್ಷ ಒಂದೇ ಒಲೆಯ ಅನ್ನ ಉಂಡವಳಿಗೆ ತಿಳಿಯದೆ ಇರುವುದಿಲ್ಲವೆಂದು ಅವನಿಗೆ ಕೇಳಿದ ಮೇಲೆ ತೋಚಿತು. ಏನಾದರೂ ಹೇಳಬೇಕೆಂದು, ನೀನು ಅಲ್ಲಿ ಅತ್ತುಬಿಟ್ಟೆಯಲ್ಲ ಎಂದ.

'ಅತ್ತೆ' ಎಂದಳು ಸಾಕಮ್ಮ. 'ಸುಳ್ಳು ಅಂತ ಗೊತ್ತಿದ್ರೂ ಅತ್ತೆ. ಅದ್ರಲ್ಲಿ ನಾನು ಓಡ್ತೀನಿ. ಜ್ವರ ಬಂದ್ ತಕ್ಷಣ ಎತ್ಕೊಂಡು ಓಡ್ತೀನಿ, ಒಬ್ಬಟ್ಟು ಬೇಯಿಸ್ತಾ ಕೂರಲ್ಲ.' ಮಡಕೆಯನ್ನು ಮೂಲೆಗೆ ಸರಿಸಿ ಹೇಳಿದಳು: 'ಅದ್ರಲ್ಲಿ ನೀವು ಎಲ್ಲೂ ಇರ್ಲಿಲ್ಲ.'

ಅವನು ತಲೆಯಾಡಿಸಿದ. ಹೌದು, ಇರಲಿಲ್ಲ. ಅವಳು ಎದ್ದು ಒಲೆ ಹಚ್ಚಿದಳು. ಹೊಗೆ ಬಂತು. ಕಣ್ಣಿಗೆ ಹೊಗೆ ತಾಗಿ ನೀರು ಬಂದಾಗ ಅವನು ಅದನ್ನು ಒರೆಸಿಕೊಳ್ಳದೆ, ಇದು ಮುಂದುವರಿಯಬಹುದೇ ಎಂದು ಕಾದು ನೋಡಿದ. ಹೊಗೆ ಕರಗಿತು, ಕಣ್ಣು ಒಣಗಿತು.

ಮರುದಿನ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಆಸ್ಪತ್ರೆಗೆ ಹೋದ. ಸೋಮಯ್ಯ ಹುಬ್ಬಿಗೆ ಪಟ್ಟಿ ಕಟ್ಟಿಕೊಂಡು, ಗಾಜಿನ ಚೂರುಗಳನ್ನು ಮೊರಕ್ಕೆ ಗುಡಿಸಿಕೊಳ್ಳುತ್ತಿದ್ದರು. ಔಷಧದ ಕಹಿ ವಾಸನೆ ಬೀದಿಯವರೆಗೂ ಇತ್ತು. ಇವನನ್ನು ಕಂಡು, ಕಾಲಿಗೆ ಚುಚ್ಚೀತು, ಅಲ್ಲೇ ನಿಲ್ಲಿ ಎಂದರು. ಅವನು ಹೊಸ್ತಿಲ ಆಚೆ ನಿಂತು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ಹೇಳಲು ನೋಡಿದ. ಕ್ಷಮೆ ಎಂಬ ಪದ ಅದರಲ್ಲಿ ಮೂರು ಕಡೆ ಬರುತ್ತಿತ್ತು. ಅದು ಗೊತ್ತಾಗಿ ಎಲ್ಲವನ್ನೂ ಬಿಟ್ಟು, ಅವತ್ತು ಜ್ವರ ಬಂದು ನಾಲ್ಕು ದಿನವಾಗಿತ್ತು, ನಾನು ನಿನ್ನೆಯಿಂದ ಎಂದು ಸುಳ್ಳು ಹೇಳಿದ್ದೆ ಎಂದ.

ಸೋಮಯ್ಯ ಗುಡಿಸುವುದನ್ನು ನಿಲ್ಲಿಸಲಿಲ್ಲ. 'ಗೊತ್ತಿತ್ತು ಮೇಷ್ಟ್ರೇ. ಮಗು ಹೊಟ್ಟೆ ಮುಟ್ಟಿ ನೋಡಿದ್ರೆ ಗೊತ್ತಾಗುತ್ತೆ. ನೀವು ನಿನ್ನೆ ಅಂದ್ರಿ, ನಾನೂ ಪುಸ್ತಕದಲ್ಲಿ ನಿನ್ನೆ ಅಂತ್ಲೇ ಬರ್ಕೊಂಡೆ. ಆ ಹೊತ್ನಲ್ಲಿ ತಂದೆ ಆದವರನ್ನ ಏನಂತ ಕೇಳೋದು.' ಮೊರವನ್ನು ಎತ್ತಿ, ಹಿತ್ತಲಿಗೆ ಹೋಗುವ ಮುಂಚೆ, ಈ ವಾರ ಜ್ವರದವರು ಯಾರಾದರೂ ಬಂದರೆ ಸರಗೂರಿಗೆ ಕಳಿಸಿ, ಇಲ್ಲಿ ಕೊಡಲು ಏನೂ ಉಳಿದಿಲ್ಲ ಎಂದರು. ಹೇಳುವಾಗ ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಅಲ್ಲಿಂದ ಹೊರಡುವುದು ಸುಲಭವಾಗುತ್ತಿತ್ತು. ಶಾಲೆಗೆ ಹೋಗಿ ಹಾಜರಿ ತೆಗೆದುಕೊಂಡ. ಆರು ಮಕ್ಕಳು ಬಂದಿರಲಿಲ್ಲ, ಅವರಲ್ಲಿ ಇಬ್ಬರಿಗೆ ಚಳಿಜ್ವರ.

ಐದನೆಯ ದಿನ ಅಮಲ್ದಾರರು ವಿಚಾರಣೆಗೆ ಬಂದರು. ಈ ತಾಲ್ಲೂಕಿಗೆ ಬಂದು ಒಂದು ತಿಂಗಳೂ ಆಗದ ಮನುಷ್ಯ. ಬಂದಂದಿನಿಂದ ಕಚೇರಿಗೆ ಮುತ್ತಿಗೆ, ಶಾನುಭೋಗರ ರಾಜೀನಾಮೆ, ಒಂದು ರಾತ್ರಿಯೂ ನಿದ್ದೆಯಿಲ್ಲ. ಚಾವಡಿಯಲ್ಲಿ ಮೇಜು ಹಾಕಿಸಿ, ಬರೆದುಕೊಳ್ಳಲು ಊರಿನಲ್ಲಿ ಯಾರೂ ಇಲ್ಲವೆಂದು ತಿಳಿದು, ಶಾಲೆಯ ಮೇಷ್ಟ್ರನ್ನು ಕರೆಸಿದರು. ಸರ್ಕಾರದ ಅನ್ನ ತಿನ್ನುವವರು ನೀವೊಬ್ಬರಾದರೂ ಇದ್ದೀರಲ್ಲ, ಕೂತುಕೊಳ್ಳಿ ಎಂದರು. ನೀಲಕಂಠಸ್ವಾಮಿ ಕೂತ. ಸಂತೆಯ ವ್ಯಾಪಾರಿಗಳು ಒಬ್ಬೊಬ್ಬರೇ ಬಂದು ತಾವು ಏನೂ ನೋಡಲಿಲ್ಲ ಎಂದು ಹೇಳಿ ಹೋದರು, ಅವನು ಅದನ್ನೇ ಬರೆದ. ಆಮೇಲೆ ಕೋಟೆಯಿಂದ ಬಂದಿದ್ದ ದಫೇದಾರ, ಸತ್ತ ಮಗುವಿನ ತಾಯಿ ಎಂದು ಸಾಕಮ್ಮನನ್ನು ಕರೆತಂದು ಕಂಬದ ಪಕ್ಕ ನಿಲ್ಲಿಸಿದ. ಇವಳು ನನ್ನ ಹೆಂಡತಿ ಎಂದು ಹೇಳಬೇಕಾದ ಕ್ಷಣ ಬಂತು. ಅವನು ಮಸಿಯಲ್ಲಿ ಲೇಖನಿ ಅದ್ದಿದ. ಅಮಲ್ದಾರರು ಹೆಸರು ವಿಳಾಸವೆಲ್ಲ ಕೊನೆಗೆ ತುಂಬಿಕೊಳ್ಳಿ, ಮೊದಲು ವಿಷಯ ಬರೆಯಿರಿ ಎಂದಾಗ ಆ ಕ್ಷಣ ಹೋಗಿಬಿಟ್ಟಿತು.

ಆಸ್ಪತ್ರೆಯ ಬಾಗಿಲು ಹಾಕಿತ್ತೇ ಎಂದು ಕೇಳಿದರು. ಇಲ್ಲ, ತೆಗೆದಿತ್ತು ಎಂದಳು. ಜ್ವರ ಎಷ್ಟು ದಿನದಿಂದ ಎಂದು ಕೇಳಿದರು. ಸೋಮವಾರದಿಂದ ಗುರುವಾರದವರೆಗೆ ಎಂದಳು. ಅಷ್ಟು ದಿನ ಯಾಕೆ ಕರೆತರಲಿಲ್ಲ ಎಂದರು. ಇನ್ಸ್‌ಪೆಕ್ಟರು ಊಟಕ್ಕೆ ಬರುವವರಿದ್ದರು, ನಾನು ಅಡುಗೆ ಮಾಡುತ್ತಿದ್ದೆ, ಮನೆಯವರು ಬರೆಯುತ್ತಿದ್ದರು ಎಂದಳು. ಅಮಲ್ದಾರರಿಗೆ ಅದರಲ್ಲಿ ಆಸಕ್ತಿಯಿರಲಿಲ್ಲ. ಎಲೆಅಡಿಕೆಯ ಡಬ್ಬಿ ತೆಗೆದರು. ನೀಲಕಂಠಸ್ವಾಮಿ ಅವಳ ಮಾತುಗಳನ್ನು ಗ್ರಾಂಥಿಕಕ್ಕೆ ತಿರುಗಿಸಿ ಬರೆಯುತ್ತಿದ್ದ. ಎಲ್ಲಿಯೂ ಒಂದು ಪದ ಕೂಡಿಸಲು ಕೈ ಬರಲಿಲ್ಲ. ವಾಕ್ಯಗಳು ಗಿಡ್ಡವಾಗಿ, ಒಂದಕ್ಕೊಂದು ತಾಗದೆ, ಕಾಗದದ ಮೇಲೆ ಬಿದ್ದವು.

'ಹಾಗಾದರೆ ಈ ಬಾಗಿಲ ಕತೆ ಗೋವಿಂದಯ್ಯನಿಗೆ ಎಲ್ಲಿಂದ ಬಂತು? ಯಾರು ಹೇಳಿಕೊಟ್ಟರು?'

ಸಾಕಮ್ಮ ಅವನ ಕಡೆ ನೋಡಲಿಲ್ಲ. 'ನಮ್ಮನೆಯವ್ರು ಬರ್ಕೊಟ್ರು' ಎಂದಳು.

ಅಮಲ್ದಾರರು ಸುಣ್ಣ ಹಚ್ಚುತ್ತಿದ್ದ ಎಲೆಯನ್ನು ಕೆಳಗಿಟ್ಟರು. ನೀಲಕಂಠಸ್ವಾಮಿ ಬರೆದ: ಆ ಭಾಷಣವನ್ನು ನನ್ನ ಗಂಡ ಬರೆದುಕೊಟ್ಟರು. ಪೂರ್ಣವಿರಾಮ ಹಾಕಿದ.

'ನಿನ್ನ ಗಂಡನ ಹೆಸರೇನಮ್ಮ?'

ಅವಳು ಸೆರಗನ್ನು ಹಣೆಯವರೆಗೆ ಎಳೆದುಕೊಂಡು ನೆಲ ನೋಡಿದಳು. ಮದುವೆಯಾದಂದಿನಿಂದ ಆ ಹೆಸರು ಅವಳ ಬಾಯಿಂದ ಬಂದಿರಲಿಲ್ಲ; ಗಂಡನ ಹೆಸರು ಯಾವ ಹೆಂಗಸಿನ ಬಾಯಿಂದಲೂ ಬರುವಂಥದ್ದಲ್ಲ. ಅಮಲ್ದಾರರು ಎರಡನೆಯ ಸಲ ಕೇಳಿದರು. ದಫೇದಾರ, ಹೇಳಮ್ಮ, ಸಾಹೇಬರು ಕೇಳ್ತಿದ್ದಾರೆ ಎಂದ. ಇಲ್ಲಿ ಗೊತ್ತಿರುವವರು ಯಾರಾದರೂ ಹೇಳಿರಯ್ಯ ಎಂದು ಅಮಲ್ದಾರರು ಬಾಗಿಲ ಕಡೆ ದನಿಯೆತ್ತಿದರು. ಬಾಗಿಲಲ್ಲಿ ನಿಂತಿದ್ದ ಊರಿನ ನಾಲ್ಕು ಜನ ಅವರವರ ಕಾಲನ್ನು ನೋಡಿಕೊಂಡರು.

ನೀಲಕಂಠಸ್ವಾಮಿ ಹಾಳೆಯ ಮೇಲ್ಭಾಗದಲ್ಲಿ ಖಾಲಿ ಬಿಟ್ಟಿದ್ದ ಜಾಗಕ್ಕೆ ಕೈ ತಂದ. ಸಾಕಮ್ಮ, ಗಂಡನ ಹೆಸರು ನೀಲಕಂಠಸ್ವಾಮಿ, ಕಸುಬು ಉಪಾಧ್ಯಾಯ, ವಾಸ ತೊರೆಹುಂಡಿ ಎಂದು ಬರೆದ. ಅಮಲ್ದಾರರು ಏನು ಬರೆದಿರಿ, ಓದಿ ಎಂದರು. ಹೇಳಿಕೆಯನ್ನು ಕೊಟ್ಟವರಿಗೆ ಮೊದಲಿನಿಂದ ಓದಿ ಹೇಳುವುದು ಪದ್ಧತಿ. ಅವನು ಎದ್ದು ನಿಂತು ಮೊದಲಿನಿಂದ ಓದಿದ. ಸಣ್ಣ ದನಿ ಗಂಟಲಲ್ಲಿ ಎರಡು ಕಡೆ ಸಿಕ್ಕಿಕೊಂಡಿತು, ಅಲ್ಲಿಂದಲೇ ಮತ್ತೆ ಎತ್ತಿಕೊಂಡು ಕೊನೆಯವರೆಗೆ ಹೋದ. ಓದಿದ್ದು ಸರಿಯೇ ಎಂದು ಕೇಳಿದ. ಸರಿ ಎಂದಳು ಸಾಕಮ್ಮ. ಊರಿನ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದವನು ಇವಳಿಗೆ ಹೆಸರು ಬರೆಯಲು ಕಲಿಸಿರಲಿಲ್ಲ. ದಫೇದಾರ ಮಸಿಯ ಬಟ್ಟೆ ತಂದ. ಅವಳು ಹೆಬ್ಬೆರಳು ಒತ್ತಿ, ಕೈಯನ್ನು ಸೀರೆಗೆ ತಾಗದಂತೆ ದೂರ ಹಿಡಿದುಕೊಂಡು, ಚಾವಡಿಯ ಮೆಟ್ಟಿಲಿಳಿದು ಹೋದಳು. ಅವನು ಹಾಳೆಯನ್ನು ಅಮಲ್ದಾರರ ಮುಂದಿಟ್ಟ. ಅವರು ಅದನ್ನು ಕೈಗೆತ್ತಿಕೊಂಡು, ಒಮ್ಮೆ ಹಾಳೆಯನ್ನು, ಒಮ್ಮೆ ಅವನನ್ನು ನೋಡಿದರು. ಅವನು ಕೂತು ಬರೆಯುತ್ತಿದ್ದ ಮಣೆ ಮೇಜಿನ ಪಕ್ಕ ಹಾಗೆಯೇ ಇತ್ತು. ಇನ್ನು ಅದರ ಮೇಲೆ ಕೂರಬೇಕೋ, ಹೇಳಿಕೆ ಕೊಡುವವರ ಹಾಗೆ ಕಂಬದ ಪಕ್ಕಕ್ಕೆ ಹೋಗಿ ನಿಲ್ಲಬೇಕೋ ತಿಳಿಯದೆ, ಅವರು ಹೇಳಲಿ ಎಂದು ಕಾದ.